ಮೂರು ಮಿಲಿಮೀಟರಿಗಿಂತ ಹೆಚ್ಚು ಎಂದರೆ ಮೂರೂ ಸೇರುತ್ತದೆಯೇ?

ಜಪಾನೀಸ್ ಕಲಿಯಲು ಹೊರಟವರು ಮೊದಲು ಹೆದರುವುದು ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಕಾಂಜಿ ಅಕ್ಷರಗಳಿಗೆ. ಅದು ಸಹಜ. ಆದರೆ ಆ ಭಾಷೆಯನ್ನೇ ನಂಬಿ ದುಡಿಯುತ್ತಿರುವ ನನ್ನನ್ನು ಕೇಳಿದರೆ, ಜಾಸ್ತಿ ಕಾಲ ಬೇಡುವುದು ಕಾಂಜಿ ಅಲ್ಲ, 'ಎಷ್ಟು' ಎಂಬ ಮಾತು. ಎಷ್ಟು ಪೆನ್ಸಿಲ್, ಎಷ್ಟು ಜನ, ಎಷ್ಟು ಚಳಿ, ಎಷ್ಟು ಕಷ್ಟ. ನಾನು ವಾಹನಗಳ ಬಿಡಿಭಾಗ ತಯಾರಿಸುವ ಕಡೆ ಜಪಾನೀಸ್–ಇಂಗ್ಲಿಷ್ ಅನುವಾದ ಮತ್ತು ದುಭಾಷಿ ಕೆಲಸ ಮಾಡುತ್ತೇನೆ. ಒಂದಷ್ಟು ಕಾಲ ಜಪಾನಿನಲ್ಲೂ ಇದ್ದೆ. ದಿನವಿಡೀ ನನ್ನ ಕೈಯಲ್ಲಿ ಓಡಾಡುವುದು ಅಳತೆ, ಲೆಕ್ಕ, 'ಸ್ವಲ್ಪ', 'ಸಾಕಷ್ಟು', 'ಅಷ್ಟೇನೂ ಇಲ್ಲ' ಎಂಬ ಮಾತುಗಳೇ. ಇವುಗಳನ್ನು ಕಲಿತ ದಾರಿಯಲ್ಲಿ ಕನ್ನಡ ನನಗೆ ಎಷ್ಟು ಸಹಾಯ ಮಾಡಿತು ಎನ್ನುವುದನ್ನು ಬರೆಯಬೇಕು ಎಂದು ಬಹಳ ದಿನದಿಂದ ಅನಿಸುತ್ತಿತ್ತು.

ಬೆಂಗಳೂರಿನಲ್ಲಿ ತರಗತಿಗೆ ಸೇರಿದಾಗ ಪಾಠ ನಡೆದಿದ್ದು ಇಂಗ್ಲಿಷ್‌ನಲ್ಲಿ. ಪುಸ್ತಕದ ವಿವರಣೆಯೂ ಇಂಗ್ಲಿಷ್‌ನಲ್ಲೇ. ಎಣಿಕೆಯ ಪಾಠ ಬಂದ ದಿನ ಬೋರ್ಡಿನ ಮೇಲೆ ದೊಡ್ಡ ಕೋಷ್ಟಕ ಬಂತು. ಜಪಾನೀಸ್‌ನಲ್ಲಿ ಬರೀ 'ಮೂರು' ಎಂದರೆ ಸಾಲದು. ಎಣಿಸುವ ವಸ್ತು ಉದ್ದಗೆ ಇದೆಯೋ, ಚಪ್ಪಟೆ ಇದೆಯೋ, ಯಂತ್ರವೋ, ಪ್ರಾಣಿಯೋ ಎಂದು ನೋಡಿ ಅಂಕಿಯ ಹಿಂದೆ ಒಂದು ಬಾಲ ಸೇರಿಸಬೇಕು. ಕಾಗದ, ತಟ್ಟೆ, ಅಂಗಿಗೆ 'ಮಾಯ್'. ಕಾರು, ಯಂತ್ರಕ್ಕೆ 'ದಾಯ್'. ಪುಸ್ತಕಕ್ಕೆ 'ಸತ್ಸು'. ನಾಯಿ, ಬೆಕ್ಕಿಗೆ 'ಹಿಕಿ', ಆನೆ, ದನಕ್ಕೆ 'ತೋ', ಹಕ್ಕಿಗೆ 'ವಾ'. ಮೊಲವನ್ನೂ ಹಕ್ಕಿಯ ಲೆಕ್ಕದಲ್ಲೇ 'ವಾ' ಎಂದು ಎಣಿಸುವ ರೂಢಿ ಇದೆ. ಪೆನ್ಸಿಲ್, ಬಾಟಲಿ, ಕೊಡೆ, ಹೀಗೆ ಉದ್ದಗಿನ ವಸ್ತುಗಳಿಗೆ 'ಹೊನ್'. ಫೋನ್ ಕರೆ ಮತ್ತು ಸಿನಿಮಾಕ್ಕೂ 'ಹೊನ್'.

ಅದು ಹೊನ್ ಆಗಿಯೇ ಉಳಿದಿದ್ದರೆ ಕಷ್ಟ ಇರುತ್ತಿರಲಿಲ್ಲ. ಒಂದು ಪೆನ್ಸಿಲ್ 'ಇಪ್ಪೊನ್'. ಎರಡು 'ನಿಹೊನ್'. ಮೂರು 'ಸಾಂಬೊನ್'. ಆರು 'ರೊಪ್ಪೊನ್', ಎಂಟು 'ಹಪ್ಪೊನ್', ಹತ್ತು 'ಜುಪ್ಪೊನ್'. ಹೊನ್, ಬೊನ್, ಪೊನ್ ಎಂದು ಮೂರು ವೇಷ. ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದೆವು. 'ಇದಕ್ಕೆ ನಿಯಮ ಹುಡುಕಬೇಡಿ, ಸುಮ್ನೆ ಹೇಳಿಕೊಳ್ಳುತ್ತಾ ಹೋಗಿ' ಎಂಬ ಸಲಹೆಯೂ ಸಿಕ್ಕಿತು.

ನನಗೆ ದಾರಿ ಸಿಕ್ಕಿದ್ದು ಬಸ್ಸಿನಲ್ಲಿ ಕುಳಿತು ಕನ್ನಡದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ಎಣಿಸಿದಾಗ. ಜೋರಾಗಿ ಹೇಳಿ ನೋಡಿ. ಹತ್ತು. ಇಪ್ಪತ್ತು. ಮೂವತ್ತು. ಎಪ್ಪತ್ತು. ಎಂಬತ್ತು. ತೊಂಬತ್ತು. ಒಂದೇ 'ಹತ್ತು' ಎಷ್ಟು ವೇಷ ಹಾಕಿದೆ ನೋಡಿ! ಹಳಗನ್ನಡದಲ್ಲಿ ಅದು 'ಪತ್ತು'. ಪದದ ಮೊದಲಲ್ಲಿದ್ದ ಪ ಮುಂದೆ ಹ ಆಯಿತು. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ. ಆದರೆ ಒತ್ತಕ್ಷರದ ಆಸರೆ ಇದ್ದ ಕಡೆ, ಇಪ್ಪತ್ತು, ಎಪ್ಪತ್ತುಗಳಲ್ಲಿ, ಹಳೆಯ ಪ ಹಾಗೇ ಉಳಿಯಿತು. ಮೂಗಿನ ಧ್ವನಿಯ ಪಕ್ಕದಲ್ಲಿ, ಎಂಬತ್ತು, ತೊಂಬತ್ತುಗಳಲ್ಲಿ, ಅದು ಬ ಆಯಿತು.

ಈಗ ಜಪಾನೀಸ್ ಕಡೆ ನೋಡಿ. ಅಲ್ಲೂ ಇಂದಿನ ಹ ಒಂದು ಕಾಲದಲ್ಲಿ ಪ ಆಗಿತ್ತು ಎಂದು ಭಾಷಾ ವಿದ್ವಾಂಸರು ಒಪ್ಪುತ್ತಾರೆ. ಒತ್ತಿನ ಆಸರೆ ಇದ್ದ ಕಡೆ ಪ ಉಳಿದಿದೆ: ಇಪ್ಪೊನ್, ರೊಪ್ಪೊನ್, ಹಪ್ಪೊನ್. ಮೂಗಿನ ಧ್ವನಿ ಆದ ಮೇಲೆ ಬ: ಸಾಂಬೊನ್. ಉಳಿದ ಕಡೆ ಹ: ನಿಹೊನ್, ಗೊಹೊನ್. ಇಪ್ಪತ್ತು–ಇಪ್ಪೊನ್, ಎಂಬತ್ತು–ಸಾಂಬೊನ್. ಎರಡು ಭಾಷೆಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಬಾಯಿ ಎಲ್ಲ ಕಡೆ ಬಾಯಿಯೇ, ಅದಕ್ಕೆ ಸುಲಭವಾದದ್ದು ಎಲ್ಲ ಕಡೆ ಸುಲಭ, ಅಷ್ಟೇ. ನಾಲ್ಕಕ್ಕೆ ಬರುವ 'ಯೊನ್‌ಹೊನ್' ಮಾತ್ರ ಈ ಸಾಲಿಗೆ ಬರುವುದಿಲ್ಲ. ಇಚಿ, ನಿ, ಸಾನ್ ಚೀನಾದಿಂದ ಬಂದ ಅಂಕಿಗಳು, ಯೊನ್ ಜಪಾನೀಸ್‌ನದೇ ಹಳೆಯ ಪದ. ಅದಕ್ಕೆ ಅದರದೇ ದಾರಿ. ಇಷ್ಟು ಗೊತ್ತಾದ ಮೇಲೆ ಕೋಷ್ಟಕ ನೋಡುವ ಅಗತ್ಯ ನನಗೆ ಬೀಳಲಿಲ್ಲ. ಬೆಕ್ಕಿನ 'ಹಿಕಿ'ಯೂ ಹೀಗೇ: ಇಪ್ಪಿಕಿ, ನಿಹಿಕಿ, ಸಾಂಬಿಕಿ. ಟೀ ಲೋಟದ 'ಹಾಯ್' ಕೂಡ: ಇಪ್ಪಾಯ್, ನಿಹಾಯ್, ಸಾಂಬಾಯ್.

ಬಾಲಗಳು ವಿಚಿತ್ರ ಎನ್ನುವವರಿಗೆ ಒಂದು ಮಾತು. ನಾವೂ ಬೆಳ್ಳುಳ್ಳಿಯನ್ನು ಎಸಳಿನಲ್ಲಿ, ಸೊಪ್ಪನ್ನು ಕಟ್ಟಿನಲ್ಲಿ, ಹೂವನ್ನು ಮೊಳದಲ್ಲಿ ಎಣಿಸುತ್ತೇವೆ. ಮನುಷ್ಯರಿಗೆ ನಮ್ಮಲ್ಲಿ ಬೇರೆಯೇ ಎಣಿಕೆ ಇದೆ: ಒಬ್ಬ, ಇಬ್ಬರು, ಮೂವರು. 'ಎರಡು ಮನುಷ್ಯ' ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ. ಜಪಾನೀಸ್‌ನಲ್ಲೂ ಒಬ್ಬರಿಗೆ 'ಹಿತೊರಿ', ಇಬ್ಬರಿಗೆ 'ಫುತಾರಿ' ಎಂಬ ಬೇರೆ ಪದಗಳಿವೆ, ಮೂರನೆಯವರಿಂದ 'ನಿನ್' ಎಂಬ ಬಾಲ. ಬಹುವಚನದ ವಿಷಯವೂ ಹತ್ತಿರ. ಅಂಗಡಿಯಲ್ಲಿ ನಾವು 'ಐದು ಪೆನ್ಸಿಲ್ ಕೊಡಿ' ಎನ್ನುತ್ತೇವೆ, 'ಪೆನ್ಸಿಲ್‌ಗಳನ್ನು' ಎನ್ನುವುದಿಲ್ಲ. ಜಪಾನಿನ ಅಂಗಡಿಯಲ್ಲೂ 'ಎಂಪಿತ್ಸು ಗೊಹೊನ್' ಎಂದರೆ ಸಾಕು. ಐದು ಎಂದು ಹೇಳಿದ ಮೇಲೂ ಹೆಸರಿಗೆ 'ಎಸ್' ಹಚ್ಚಲೇಬೇಕು ಎನ್ನುವುದು ಈ ಮೂರರಲ್ಲಿ ಇಂಗ್ಲಿಷ್ ಒಂದೇ.

ಮುಂದಿನ ಹಂತ ಹೋಲಿಕೆಯ ವಾಕ್ಯಗಳು. ಪುಸ್ತಕದಲ್ಲಿದ್ದ ಉದಾಹರಣೆ 'ಟುಡೇ ಈಸ್ ನಾಟ್ ಆಸ್ ಕೋಲ್ಡ್ ಆಸ್ ಯೆಸ್ಟರ್‌ಡೇ' ಎಂಬ ಧಾಟಿಯದು. ಅದಕ್ಕೆ ಜಪಾನೀಸ್ 'ಕ್ಯೋ ವಾ ಕಿನೋ ಹೊದೊ ಸಮುಕು ನಾಯ್'. ಇಂಗ್ಲಿಷ್‌ನಿಂದ ಅಲ್ಲಿಗೆ ಹೋಗಬೇಕಾದರೆ ವಾಕ್ಯವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು. ಪಕ್ಕದಲ್ಲಿ ಕೂತವರು 'ಹೊದೊ' ಎಲ್ಲಿ ಬರಬೇಕು ಎಂದು ಬಾಣದ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಕನ್ನಡದಲ್ಲಿ ಬರೆದುಕೊಂಡೆ: 'ಇವತ್ತು ನಿನ್ನೆಯಷ್ಟು ಚಳಿ ಇಲ್ಲ.' ಕ್ಯೋ ಇವತ್ತು, ಕಿನೋ ನಿನ್ನೆ, ಹೊದೊ ಅಷ್ಟು, ಸಮುಕು ಚಳಿ, ನಾಯ್ ಇಲ್ಲ. ಪದಕ್ಕೆ ಪದ, ಅದೇ ಸಾಲಿನಲ್ಲಿ. 'ನಿನ್ನೆಗಿಂತ ಚಳಿ' ಎನ್ನುವುದಕ್ಕೆ 'ಕಿನೋ ಯೊರಿ ಸಮುಯ್'. ಚಳಿ ಎಂಬ ಪದಕ್ಕೆ ಇಂಗ್ಲಿಷ್‌ನ 'ಕೋಲ್ಡರ್' ಥರ ಬಾಲ ಬೇಡ, 'ಗಿಂತ' ಇದ್ದರೆ ಸಾಕು. 'ಸಾಯುವಷ್ಟು ಸುಸ್ತು' ಎಂದು ನಾವು ಹೇಳುವುದನ್ನು ಅವರು 'ಶಿನು ಹೊದೊ' ಎಂದೇ ಹೇಳುತ್ತಾರೆ. ಶಿನು ಎಂದರೆ ಸಾಯುವುದು.

'ಯಾರೂ ಬರಲಿಲ್ಲ' ಎಂಬ ವಾಕ್ಯವನ್ನೂ ನೋಡಿ. ಇಂಗ್ಲಿಷ್ 'ನೋಬಡಿ' ಎಂದು ಮೊದಲೇ ಇಲ್ಲ ಅನ್ನುತ್ತದೆ, ಕ್ರಿಯಾಪದ ಮಾತ್ರ 'ಬಂದ' ಎಂದೇ ಇರುತ್ತದೆ. ಕನ್ನಡದಲ್ಲಿ ಯಾರು ಎಂಬುದಕ್ಕೆ 'ಊ' ಸೇರಿಸಿ ಕೊನೆಗೆ ಇಲ್ಲ ಎನ್ನುತ್ತೇವೆ. ಜಪಾನೀಸ್ 'ದಾರೆ ಮೊ ಕೊನಾಕತ್ತಾ'. ದಾರೆ ಯಾರು, ಮೊ ಊ. 'ಏನೂ ಇಲ್ಲ' ಎನ್ನುವುದು 'ನಾನಿ ಮೊ ನಾಯ್'. 'ಒಂದೂ ಇಲ್ಲ' ಎನ್ನುವುದು 'ಹಿತೊತ್ಸು ಮೊ ನಾಯ್'. 'ಯಾರೋ' ಬೇಕಾದರೆ 'ದಾರೆ ಕಾ', 'ಏನೋ' ಬೇಕಾದರೆ 'ನಾನಿ ಕಾ'. ನಮ್ಮ ಊ ಮತ್ತು ಓ ಮಾಡುವ ಕೆಲಸವನ್ನೇ ಅಲ್ಲಿ ಮೊ ಮತ್ತು ಕಾ ಮಾಡುತ್ತವೆ. 'ಮೂರು ಜನ ಬಿಟ್ಟರೆ ಯಾರೂ ಬರಲಿಲ್ಲ' ಎನ್ನುವ ಧಾಟಿ 'ಸಾನ್ನಿನ್ ಶಿಕಾ ಕೊನಾಕತ್ತಾ' ಎಂಬುದಕ್ಕೆ ತುಂಬ ಹತ್ತಿರ. 'ಎರಡು ಮೂರು ಜನ' ಎನ್ನಲು ನಾವು ನಡುವೆ 'ಅಥವಾ' ಹಾಕುವುದಿಲ್ಲ. ಅವರೂ 'ನಿಸಾನ್‌ನಿನ್' ಎಂದು ಎರಡು ಮೂರನ್ನು ಅಂಟಿಸಿಯೇ ಹೇಳುತ್ತಾರೆ. ಆವತ್ತಿನಿಂದ ನನ್ನ ಟಿಪ್ಪಣಿ ಪುಸ್ತಕ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂತು. ಜೆಎಲ್‌ಪಿಟಿ ಎಂಬ ಜಪಾನೀಸ್ ಭಾಷಾ ಪರೀಕ್ಷೆಗೆ ಓದಿದ್ದೂ ಹಾಗೇ. ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲಿನ ಆ ಪರೀಕ್ಷೆಯಲ್ಲಿ ಕೆಳಗಿನ ಮೆಟ್ಟಿಲುಗಳ ವ್ಯಾಕರಣಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಎದುರಾದದ್ದು ದೊಡ್ಡ ಅಂಕಿ. ಜಪಾನಿನಲ್ಲಿ ಹತ್ತು ಸಾವಿರಕ್ಕೆ 'ಮಾನ್' ಎಂಬ ಹೆಸರಿದೆ. ಮುಂದಿನ ದೊಡ್ಡ ಹೆಸರು 'ಓಕು', ಅದು ಹತ್ತು ಸಾವಿರ ಮಾನ್. ನಡುವೆ ಲಕ್ಷ, ಮಿಲಿಯನ್ ಯಾವುದೂ ಇಲ್ಲ. ಅಂಕಿಯಲ್ಲಿ ಬರೆಯುವಾಗ ಅಲ್ಪವಿರಾಮ ಮಾತ್ರ ಇಂಗ್ಲಿಷ್ ಥರ ಮೂರು ಸ್ಥಾನಕ್ಕೊಂದು. ಸಭೆಯಲ್ಲಿ ಒಬ್ಬರು ಮಾನ್ ಲೆಕ್ಕದಲ್ಲಿ ಹೇಳುತ್ತಾರೆ, ಇನ್ನೊಬ್ಬರಿಗೆ ಮಿಲಿಯನ್ ಬೇಕು, ಲೆಕ್ಕಪತ್ರ ವಿಭಾಗಕ್ಕೆ ಲಕ್ಷ, ಕೋಟಿ ಬೇಕು. ನಾನು ಲಕ್ಷವನ್ನೇ ಸೇತುವೆ ಮಾಡಿಕೊಂಡೆ. ಹತ್ತು ಮಾನ್ ಒಂದು ಲಕ್ಷ. ನೂರು ಮಾನ್ ಹತ್ತು ಲಕ್ಷ, ಅದೇ ಮಿಲಿಯನ್. ಸಾವಿರ ಮಾನ್ ಒಂದು ಕೋಟಿ. ಒಂದು ಓಕು ಹತ್ತು ಕೋಟಿ. ಅಭ್ಯಾಸಕ್ಕೆ ಜನಸಂಖ್ಯೆಯ ಅಂಕಿ ಹಿಡಿದುಕೊಂಡೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಅದು ಸುಮಾರು 6,110 ಮಾನ್. 2020ರ ಗಣತಿಯಲ್ಲಿ ಜಪಾನಿನದು ಸುಮಾರು 12 ಕೋಟಿ 61 ಲಕ್ಷ. ಅವರ ಬಾಯಲ್ಲಿ ಅದು ಒಂದು ಓಕು 2,610 ಮಾನ್ ಚಿಲ್ಲರೆ. ದಿನಪತ್ರಿಕೆ ಓದುವಾಗ ಸಿಕ್ಕ ಅಂಕಿಯನ್ನೆಲ್ಲ ಹೀಗೆ ತಿರುಗಿಸುತ್ತಾ ಹೋದರೆ ಕೈ ತಾನಾಗಿ ಕೂರುತ್ತದೆ. ಸಭೆಯಲ್ಲಿ ಮಾತ್ರ ಇವತ್ತಿಗೂ ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡೇ ಬಾಯಿ ತೆರೆಯುತ್ತೇನೆ. ದುಭಾಷಿಗಳೆಲ್ಲ ಹಾಗೆ ಮಾಡಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ತಪಾಸಣೆಯ ಹಾಳೆ ಎಂದು ಒಂದಿರುತ್ತದೆ. ತಯಾರಾದ ಭಾಗದ ಮೇಲೆ ಗೀರು, ಗುಳಿ, ಬಣ್ಣದ ಕಲೆ ಇದೆಯೇ ಎಂದು ನೋಡಿ ಗುರುತು ಹಾಕುವ ಹಾಳೆ. ನನ್ನ ಕೈಗೆ ಬಂದ ಒಂದು ಹಾಳೆಯ ಜಪಾನೀಸ್ ಮೂಲದಲ್ಲಿ ಇದ್ದದ್ದು: ಗೀರಿನ ಉದ್ದ 3 ಮಿಲಿಮೀಟರ್ 'ಇಜೋ' ಇದ್ದರೆ 'ಫುಕಾ'. ಫುಕಾ ಎಂದರೆ ತಿರಸ್ಕಾರ. ಅದರ ಹಳೆಯ ಇಂಗ್ಲಿಷ್ ಅನುವಾದದಲ್ಲಿ 'ಮೋರ್ ದ್ಯಾನ್ 3' ಎಂದಿತ್ತು. ಓದಲು ಸರಾಗವಾಗಿದೆ. ಆದರೆ ಇಜೋ ಎಂದರೆ 'ಅದನ್ನೂ ಹಿಡಿದು, ಅಲ್ಲಿಂದ ಮೇಲೆ'. ಮೂರೂ ಸೇರುತ್ತದೆ. ಮೋರ್ ದ್ಯಾನ್ ಎಂದರೆ ಮೂರು ಸೇರುವುದಿಲ್ಲ. ಮಾಪಕ ಇಟ್ಟು ನೋಡಿದಾಗ ಸರಿಯಾಗಿ 3.0 ಬಂದ ಗೀರು ಒಂದು ಹಾಳೆಯ ಪ್ರಕಾರ ತಿರಸ್ಕಾರ, ಇನ್ನೊಂದರ ಪ್ರಕಾರ ಪಾಸ್! ಭಾಗ ಒಂದೇ, ಗೀರು ಒಂದೇ, ಅಳತೆ ಒಂದೇ. ತಯಾರಿಕೆಯ ಸಾಲಿನ ಆ ತುದಿಯಲ್ಲಿ ನಿಂತ ತಪಾಸಣೆಗಾರರಿಗೂ ಈ ತುದಿಯಲ್ಲಿ ನಿಂತವರಿಗೂ ಮಾತು ಹತ್ತುತ್ತದೆ. ಇಬ್ಬರೂ ತಮ್ಮ ತಮ್ಮ ಹಾಳೆ ಓದಿ ಸರಿಯಾಗಿಯೇ ಮಾಡಿರುತ್ತಾರೆ. ಇಂಥ ಜಗಳ ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಜಪಾನೀಸ್‌ನಲ್ಲಿ ಈ ವಿಷಯದಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಇಜೋ ಎಂದರೆ ಅಲ್ಲಿಂದ ಮೇಲೆ, 'ಇಕಾ' ಎಂದರೆ ಅಲ್ಲಿಂದ ಕೆಳಗೆ: ಎರಡರಲ್ಲೂ ಆ ಅಂಕಿ ಸೇರುತ್ತದೆ. ಅಂಕಿಯನ್ನು ದಾಟಿದರೆ 'ಕೊಎರು'. ಅಂಕಿಗಿಂತ ಕೆಳಗಿದ್ದರೆ 'ಮಿಮಾನ್'. ಈ ಮಿಮಾನ್‌ನ ಎರಡು ಕಾಂಜಿಗಳನ್ನು ಬಿಡಿಸಿದರೆ ಮೊದಲನೆಯದು 'ಇನ್ನೂ ಆಗದ', ಎರಡನೆಯದು 'ತುಂಬು'. ಇನ್ನೂ ತುಂಬದ! '18 ವರ್ಷ ತುಂಬದವರಿಗೆ ಪ್ರವೇಶ ಇಲ್ಲ' ಎಂದು ನಾವು ಬರೆಯುತ್ತೇವಲ್ಲ, ಅದೇ ಮಾತು ಅಲ್ಲಿನ ಫಲಕಗಳಲ್ಲೂ ಇರುತ್ತದೆ. ನಮ್ಮ ಅರ್ಜಿಗಳಲ್ಲಿ ಬರುವ 'ಮೇಲ್ಪಟ್ಟ' ಎಂಬ ಪದ ಮಾತ್ರ ನನಗೆ ಕಷ್ಟ. ಅದರಲ್ಲಿ ಆ ಅಂಕಿ ಸೇರಿದೆಯೋ ಇಲ್ಲವೋ ಎಂದು ಓದುವವರು ಊಹಿಸಬೇಕಾಗುತ್ತದೆ. 'ತುಂಬಿದ', 'ತುಂಬದ' ಎರಡೂ ನೇರ. ಕನ್ನಡದಲ್ಲಿ ಇಷ್ಟು ಖಚಿತವಾದ ಪದಗಳು ಇರುವಾಗ ಅವನ್ನೇ ಬಳಸಬೇಕು. ಹಾಳೆಯನ್ನು ಇಂಗ್ಲಿಷ್‌ನಲ್ಲಿ '3 ಮಿಲಿಮೀಟರ್ ಆರ್ ಮೋರ್' ಎಂದು ಬರೆದೆ. ಸಾಲಿನಲ್ಲಿ ನಿಲ್ಲುವವರಿಗಾಗಿ ಕನ್ನಡದಲ್ಲಿ '3 ಮಿ.ಮೀ. ಅಥವಾ ಅದಕ್ಕಿಂತ ಉದ್ದ ಇದ್ದರೆ ತಿರಸ್ಕರಿಸಿ' ಎಂದು ಹಾಕಿದೆ. ಪಕ್ಕದಲ್ಲಿ ಗಣಿತದ ಚಿಹ್ನೆಯನ್ನೂ ಇಟ್ಟೆ.

ಅದೇ ಹಾಳೆಯ ಇನ್ನೊಂದು ಸಾಲು 'ಕಿಜು ಆರಿ'. ಗೀರು ಇದೆ. ಕನ್ನಡಕ್ಕೆ ತರಲು ಯೋಚನೆಯೇ ಬೇಡ. ಇಂಗ್ಲಿಷ್ ಮಾತ್ರ ಕೇಳುತ್ತದೆ: ಒಂದು ಗೀರೋ, ಹಲವೋ? ಮೂಲದಲ್ಲಿ ಇಲ್ಲದ ಮಾಹಿತಿಯನ್ನು ಇಂಗ್ಲಿಷ್ ಬೇಡುತ್ತದೆ. ನಾನು ಊಹಿಸದೆ, ಬರೆದವರನ್ನೇ ಕೇಳುತ್ತೇನೆ. ಇಂಥ ಒಂದು ಪ್ರಶ್ನೆಗೆ ಹೋಗುವ ಸಮಯ ಯಾರಿಗೂ ನಷ್ಟ ಅಲ್ಲ.

ಜಪಾನಿನಲ್ಲಿದ್ದಾಗ ಕಲಿತ ಇನ್ನೊಂದು ಜೋಡಿ 'ಜಾಕು' ಮತ್ತು 'ಕ್ಯೋ'. ದುರ್ಬಲ, ಬಲವಾದ ಎಂದು ಆ ಕಾಂಜಿಗಳ ಅರ್ಥ. ಅಂಕಿಯ ಹಿಂದೆ ಬಂದಾಗ ಅರ್ಥ ಬೇರೆ. '30 ಜನ ಕ್ಯೋ' ಎಂದರೆ ಮೂವತ್ತು ಚಿಲ್ಲರೆ ಜನ. '30 ಜನ ಜಾಕು' ಎಂದರೆ ಮೂವತ್ತಕ್ಕೆ ಒಂದೆರಡು ಕಮ್ಮಿ. ಈ ಎರಡು ಪದಗಳನ್ನು ಅತಿ ಹೆಚ್ಚು ಗಂಭೀರವಾಗಿ ಕೇಳಬೇಕಾಗಿ ಬರುವುದು ಭೂಕಂಪದ ಸುದ್ದಿಯಲ್ಲಿ. ಅಲ್ಲಿ ಟಿವಿಯಲ್ಲಿ ಮೊದಲು ಬರುವುದು ಮ್ಯಾಗ್ನಿಟ್ಯೂಡ್ ಅಲ್ಲ, 'ಶಿಂದೊ'. ಮ್ಯಾಗ್ನಿಟ್ಯೂಡ್ ಎಂದರೆ ಭೂಮಿಯೊಳಗೆ ಬಿಡುಗಡೆಯಾದ ಶಕ್ತಿ ಎಷ್ಟು ಎಂಬ ಲೆಕ್ಕ, ಒಂದು ಕಂಪನಕ್ಕೆ ಒಂದೇ ಅಂಕಿ. ಶಿಂದೊ ಎಂದರೆ ನೀವು ನಿಂತ ಜಾಗ ಎಷ್ಟು ಅಲುಗಿತು ಎಂಬ ಮಟ್ಟ, ಊರಿನಿಂದ ಊರಿಗೆ ಬೇರೆ. ಸೊನ್ನೆಯಿಂದ ಏಳರವರೆಗೆ ಇದ್ದ ಆ ಅಳತೆಯಲ್ಲಿ, 1995ರ ಜನವರಿಯ ಕೋಬೆ ಭೂಕಂಪ ದುರಂತದ ಮರುವರ್ಷ, 1996ರಲ್ಲಿ, 5 ಮತ್ತು 6ನ್ನು ತಲಾ ಎರಡು ಮಾಡಿದರು: 5 ಜಾಕು, 5 ಕ್ಯೋ, 6 ಜಾಕು, 6 ಕ್ಯೋ. ಈಗ ಒಟ್ಟು ಹತ್ತು ಮಟ್ಟ. ಉಪಕರಣದ ಲೆಕ್ಕದಲ್ಲಿ 4.5ರಿಂದ 5.0ರ ಕೆಳಗಿನವರೆಗೆ 5 ಜಾಕು, 5.0ರಿಂದ 5.5ರ ಕೆಳಗಿನವರೆಗೆ 5 ಕ್ಯೋ. ಅಂದರೆ ಐದಕ್ಕೆ ಸ್ವಲ್ಪ ಕಮ್ಮಿ, ಐದರ ಮೇಲೆ ಚಿಲ್ಲರೆ. ಜನ ಎಣಿಸುವಾಗಿನ ಅರ್ಥವೇ ಇಲ್ಲೂ ಇದೆ. ಇಂಗ್ಲಿಷ್ ಸುದ್ದಿಯಲ್ಲಿ ಇದು '5 ಲೋಯರ್', '5 ಅಪ್ಪರ್' ಎಂದು ಬರುತ್ತದೆ. ಸರಿಯಾದ ಅನುವಾದವೇ. ಆದರೆ ಹೊಸದಾಗಿ ಅಲ್ಲಿಗೆ ಹೋಗುವ ನಮ್ಮವರಿಗೆ ನಾನು ಮೊದಲು ಹೇಳಿಕೊಡುವುದು ಶಿಂದೊ ಮತ್ತು ಮ್ಯಾಗ್ನಿಟ್ಯೂಡ್ ಎರಡು ಬೇರೆ ಅಂಕಿಗಳು ಎನ್ನುವುದನ್ನು. ಊರಿನಲ್ಲಿರುವ ಮನೆಯವರು ಸುದ್ದಿ ನೋಡಿ ಫೋನ್ ಮಾಡಿದಾಗ ಈ ವ್ಯತ್ಯಾಸ ಗೊತ್ತಿದ್ದರೆ ಅವರಿಗೆ ಧೈರ್ಯ ಹೇಳಬಹುದು.

ಇದುವರೆಗಿನದು ಅಂಕಿಯ ಮಾತು. ಅಂಕಿ ಇಲ್ಲದ 'ಎಷ್ಟು' ಇನ್ನೂ ನಾಜೂಕು. 'ಚೊತ್ತೊ' ಎಂದರೆ ಸ್ವಲ್ಪ. 'ಚೊತ್ತೊ ಮತ್ತೆ' ಎಂದರೆ ಸ್ವಲ್ಪ ಇರಿ. ಇಲ್ಲಿ ಅಳತೆ ಏನೂ ಇಲ್ಲ, ಮಾತು ಮೆತ್ತಗಾಗಲಿ ಎಂದು ಹಾಕಿದ್ದು. 'ಸ್ವಲ್ಪ ಇಲ್ಲಿ ನೋಡಿ' ಎನ್ನುವಾಗ ನಾವೂ ಪೂರ್ತಿ ನೋಡಲಿ ಎಂದೇ ಬಯಸುತ್ತೇವೆ, ಅಲ್ವಾ? ಸಭೆಯಲ್ಲಿ ಜಪಾನಿನ ಎಂಜಿನಿಯರ್ 'ಸೊರೆ ವಾ ಚೊತ್ತೊ...' ಎಂದು ಎಳೆದು ನಿಲ್ಲಿಸಿದರೆ ಅದು ಬಹುಪಾಲು 'ಆಗುವುದಿಲ್ಲ'. 'ಸ್ವಲ್ಪ ಕಷ್ಟ ಆಗುತ್ತೆ ಸರ್' ಎಂದು ನಮ್ಮ ಕಚೇರಿಗಳಲ್ಲಿ ಹೇಳಿದರೂ ಅರ್ಥ ಅದೇ. ಎದುರಿಗೆ ಕನ್ನಡಿಗರು ಕೂತಿದ್ದರೆ ನಾನು ಅನುವಾದಿಸುವ ಮೊದಲೇ ಅವರ ಮುಖದಲ್ಲಿ ಅರ್ಥ ಕಾಣುತ್ತದೆ. ಇಂಗ್ಲಿಷ್ ವರದಿಯಲ್ಲಿ 'ಎ ಲಿಟಲ್ ಡಿಫಿಕಲ್ಟ್' ಎಂದು ಬರೆದರೆ, ದೂರದ ಊರಿನಲ್ಲಿ ಅದನ್ನು ಓದುವವರು ಇನ್ನೊಂದಿಷ್ಟು ಪ್ರಯತ್ನಿಸಿದರೆ ಆಗುತ್ತದೆ ಎಂದುಕೊಳ್ಳುತ್ತಾರೆ. ಹಾಗಾಗಿ ಸಭೆ ಮುಗಿಯುವ ಮೊದಲೇ ಆ ಎಂಜಿನಿಯರರನ್ನು ಕೇಳಿ ಖಚಿತ ಮಾಡಿಕೊಂಡು, 'ಸದ್ಯಕ್ಕೆ ಸಾಧ್ಯವಿಲ್ಲ' ಎಂಬ ಅರ್ಥ ಬರುವಂತೆ ಬರೆಯುತ್ತೇನೆ. 'ಹಚಿವಾರಿ ಕತಾ' ಎಂಬ ಮಾತೂ ಹೀಗೆ. ವಾರಿ ಎಂದರೆ ಹತ್ತರಲ್ಲಿ ಒಂದು ಪಾಲು, ಹಚಿವಾರಿ ಎಂದರೆ ಹತ್ತಕ್ಕೆ ಎಂಟು. ಕೆಲಸ 'ಮುಕ್ಕಾಲು ಪಾಲು ಆಯ್ತು' ಎಂದು ನಾವು ಅಂದಾಜಿನಲ್ಲಿ ಹೇಳುವ ಧಾಟಿ ಅದು. ವರದಿಯಲ್ಲಿ ಬರೀ '80%' ಎಂದು ಹಾಕಿದರೆ ಯಾರೋ ಅಳೆದು ಹೇಳಿದ ಹಾಗೆ ಕಾಣುತ್ತದೆ. ಅಂದಾಜು ಎಂಬ ಪದ ಅಲ್ಲಿ ಇರಲೇಬೇಕು.

ಕನ್ನಡವೂ ಪೂರ್ತಿ ಕೈ ಹಿಡಿಯದ ಜಾಗ 'ಕೆಕ್ಕೊ' ಮತ್ತು 'ಕನಾರಿ'. ಎರಡನ್ನೂ 'ಸಾಕಷ್ಟು', 'ಚೆನ್ನಾಗೇ' ಎನ್ನಬಹುದು. ಕನಾರಿ ಒಂದು ತೂಕ ಹೆಚ್ಚು. ಕೆಕ್ಕೊದಲ್ಲಿ 'ಅಂದುಕೊಂಡಿದ್ದಕ್ಕಿಂತ' ಎಂಬ ಛಾಯೆ ಇರುತ್ತದೆ. ಅದೇ ಪದ 'ಕೆಕ್ಕೊ ದೆಸು' ಆದಾಗ 'ಬೇಡ, ಸಾಕು' ಎಂದೂ ಆಗುತ್ತದೆ. ಇಂಗ್ಲಿಷ್‌ನ 'ಕ್ವೈಟ್' ಇನ್ನೂ ಕಷ್ಟ. 'ಕ್ವೈಟ್ ಗುಡ್' ಎಂದರೆ ಬ್ರಿಟನ್ನಿನವರಿಗೆ ಬಹುಮಟ್ಟಿಗೆ 'ಪರವಾಗಿಲ್ಲ', ಅಮೆರಿಕದವರಿಗೆ 'ತುಂಬ ಚೆನ್ನಾಗಿದೆ'. ಕೆಕ್ಕೊವನ್ನು ಕ್ವೈಟ್ ಮಾಡಿ ಕಳಿಸಿದರೆ ಓದುವವರು ಯಾವ ದೇಶದವರು ಎನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ತಾಂತ್ರಿಕ ಕಾಗದದಲ್ಲಿ ನಾನು ಕ್ವೈಟ್ ಬಳಸುವುದನ್ನೇ ಬಿಟ್ಟಿದ್ದೇನೆ. ಯಾರಾದರೂ 'ಕೆಕ್ಕೊ ಓಕಿ', ಅಂದರೆ ಸಾಕಷ್ಟು ದೊಡ್ಡದಿದೆ ಎಂದರೆ, 'ನಾನ್ ಮಿರಿ ಗುರಾಯ್ ದೆಸು ಕಾ' ಎಂದು ಕೇಳುತ್ತೇನೆ. ಎಷ್ಟು ಮಿಲಿಮೀಟರ್ ಇರಬಹುದು? ಯಾರೂ ಇದುವರೆಗೆ ಬೇಸರ ಮಾಡಿಕೊಂಡಿಲ್ಲ. ಜೇಬಿನಿಂದ ಸ್ಕೇಲ್ ತೆಗೆದು, ಇಟ್ಟು ನೋಡಿ, ಅಂಕಿ ಹೇಳುತ್ತಾರೆ. ಆ ಅಂಕಿ ಬಂದ ಮೇಲೆಯೇ ಇಂಗ್ಲಿಷ್ ವಾಕ್ಯ ಬರೆಯುತ್ತೇನೆ.